ಹಡಗಿಳಿದವರ ದುಡ್ಡು



ಒಂದು ಬೊಂಡದ ಕತೆಯಿಂದ ಶುರುಮಾಡುತ್ತೇನೆ. ನಮ್ಮ ಮಂಗಳೂರಿನ ಬೊಂಡ ಅಲ್ಲ. ಮೆಕ್ಸಿಕೊ ದೇಶಕ್ಕೆ ಸೇರಿದ ಕೊಸುಮೆಲ್ ಎಂಬ ದ್ವೀಪದಲ್ಲಿ ಕುಡಿದ ಬೊಂಡ.

ನಮ್ಮ ಮಗಳು ಅಮೆರಿಕದ ಹ್ಯೂಸ್ಟನ್ನಿನಲ್ಲಿದ್ದಾಳೆ. ನಾನೂ ನನ್ನ ಹೆಂಡತಿಯೂ ಅವಳ ಮನೆಗೆ ಹೋಗಿದ್ದೆವು. ಅಪ್ಪ ಅಮ್ಮ ಒಂದು ವಾರ ಸಮುದ್ರ ನೋಡಿಕೊಂಡು ಬರಲಿ ಎಂದು ಅವಳು ಹಡಗಿನ ಟಿಕೆಟ್ ಮಾಡಿಸಿಕೊಟ್ಟಳು. ಹ್ಯೂಸ್ಟನ್ನಿನಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ ಗ್ಯಾಲ್ವೆಸ್ಟನ್ ಎಂಬ ಬಂದರಿದೆ. ಅಲ್ಲಿಂದ ಸಂಜೆ ಹೊರಟೆವು. ಮರುದಿನವಿಡೀ ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಅದರ ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ಹಡಗು ನಿಂತಿದೆ. ಕಿಟಕಿಯಾಚೆ ತೆಂಗಿನ ಮರ, ತಗ್ಗು ಕಟ್ಟಡಗಳು, ಗಾಜಿನಷ್ಟು ತಿಳಿಯಾದ ನೀರು. ಅದೇ ಕೊಸುಮೆಲ್.

ಮಂಗಳೂರಿನಿಂದ ಉಡುಪಿಗೆ ಹೋಗುವಷ್ಟು ಉದ್ದದ ದ್ವೀಪ ಅದು, ಹೆಚ್ಚೆಂದರೆ 50 ಕಿಲೋಮೀಟರ್. ಆದರೆ ಜಗತ್ತಿನಲ್ಲಿ ಪ್ರವಾಸಿ ಹಡಗುಗಳು ಅತಿ ಹೆಚ್ಚು ಬಂದು ನಿಲ್ಲುವ ತಾಣಗಳಲ್ಲಿ ಅದೂ ಒಂದು. ಒಂದೇ ದಿನ ನಾಲ್ಕೈದು ಹಡಗುಗಳು ಸಾಲಾಗಿ ನಿಲ್ಲುವುದುಂಟು. ಒಂದೊಂದರಲ್ಲಿ ಎರಡು ಮೂರು ಸಾವಿರ ಜನ, ಕೆಲವುಗಳಲ್ಲಿ ಇನ್ನೂ ಹೆಚ್ಚು. ಎಲ್ಲರೂ ಬೆಳಿಗ್ಗೆ ಇಳಿಯುತ್ತಾರೆ. ಸಂಜೆಯೊಳಗೆ ಎಲ್ಲರೂ ಮರಳಬೇಕು. ತಡವಾದವರಿಗಾಗಿ ಹಡಗು ಕಾಯುವುದಿಲ್ಲ. ಆ ಏಳೆಂಟು ಗಂಟೆಗಳಲ್ಲಿ ಊರಿನ ಜನ ತಮ್ಮ ದಿನದ ದುಡಿಮೆ ಮಾಡಿಕೊಳ್ಳಬೇಕು.

ನಾವೂ ಇಳಿದೆವು. ಕಟ್ಟೆಯ ಉದ್ದಕ್ಕೂ ನಡೆದೆವು. ಹೊತ್ತೇರುತ್ತಿತ್ತು, ಬಾಯಾರಿತ್ತು. ಸಮುದ್ರದ ಪಕ್ಕದ ರಸ್ತೆಯಲ್ಲಿ ಒಬ್ಬ ಹೆಂಗಸು ಕೈಗಾಡಿಯ ಮೇಲೆ ಬೊಂಡ ಇಟ್ಟುಕೊಂಡು ಕೂತಿದ್ದಳು. ಐವತ್ತರ ಆಸುಪಾಸಿನವಳು. ಬೊಂಡಗಳು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿದ್ದವು. ಕತ್ತಿಯಲ್ಲಿ ಕೆತ್ತುವ ರೀತಿ ಮಾತ್ರ ಥೇಟ್ ನಮ್ಮ ಕಡೆಯದು. ಅಷ್ಟು ದೂರದಲ್ಲಿ ಆ ಸದ್ದು ಕೇಳಿ ನನ್ನ ಹೆಂಡತಿಯ ಮುಖ ಅರಳಿತು. ಆದರೆ ರಟ್ಟಿನ ಮೇಲೆ ಬರೆದ ಬೆಲೆ ನೋಡಿ ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು. "ಅರವತ್ತು ಡಾಲರಂತೆ, ಬನ್ನಿ ಹೋಗುವ" ಎಂದಳು.

ರಟ್ಟಿನ ಮೇಲೆ ಇಂಗ್ಲಿಷಿನ ಎಸ್ ಅಕ್ಷರಕ್ಕೆ ನೆಟ್ಟಗೆ ಗೆರೆ ಎಳೆದ ಆ ಗುರುತು, ಅದರ ಪಕ್ಕ 60 ಎಂಬ ಅಂಕಿ. ಡಾಲರಿನ ಗುರುತು ಎಂದು ನಾವು ತಿಳಿದುಕೊಂಡಿರುವುದು ಅದನ್ನೇ. ಮೆಕ್ಸಿಕೊದಲ್ಲಿ ಅದು ಪೆಸೊ ಗುರುತು. 60 ಪೆಸೊ ಎಂದರೆ ಮೂರೂ ಚಿಲ್ಲರೆ ಡಾಲರ್, ಅಷ್ಟೆ.

ಆಗ ನಮ್ಮ ಬಳಿ ಪೆಸೊ ಇರಲಿಲ್ಲ. 20 ಡಾಲರಿನ ನೋಟು ಕೊಟ್ಟೆ. ಆಕೆ ನೋಟನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಚು ಹರಿದಿದೆಯೇ ಎಂದು ಬೆರಳಾಡಿಸಿದಳು. ಆಮೇಲೆ ಸೊಂಟದ ಚೀಲದಿಂದ 240 ಪೆಸೊ ಎಣಿಸಿಕೊಟ್ಟಳು.

ಈಗ ಲೆಕ್ಕ. ಬಾನುಲಿಯಲ್ಲಿ ಲೆಕ್ಕ ಹೇಳುವುದು ಕಷ್ಟ, ನಿಧಾನವಾಗಿ ಹೇಳುತ್ತೇನೆ. ಆ ದಿನಗಳಲ್ಲಿ ಬ್ಯಾಂಕಿನ ದರ ಒಂದು ಡಾಲರಿಗೆ ಸುಮಾರು 18 ಪೆಸೊ ಇತ್ತು. 20 ಡಾಲರ್ ಎಂದರೆ 360 ಪೆಸೊ. ಬೊಂಡಕ್ಕೆ 60 ಕಳೆದರೆ 300 ವಾಪಸು ಬರಬೇಕು. ಬಂದದ್ದು 240. ಯಾಕೆಂದರೆ ಆಕೆಯ ದರ ಡಾಲರಿಗೆ 15 ಪೆಸೊ. ವ್ಯತ್ಯಾಸ 60 ಪೆಸೊ. ಅಂದರೆ ಇನ್ನೊಂದು ಬೊಂಡದ ಬೆಲೆ. ಕುಡಿದದ್ದು ಒಂದು ಬೊಂಡ. ಹೋದದ್ದು ಎರಡು ಬೊಂಡದ ದುಡ್ಡು.

ಇದಕ್ಕೆ ನಮ್ಮ ಹಿರಿಯರು ವಟ್ಟ ಎನ್ನುತ್ತಿದ್ದರು. ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಿಸುವಾಗ ಮುರಿದುಕೊಳ್ಳುವ ಪಾಲು. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವನು, ಅದರಲ್ಲಿ ಎಂಟು ವರ್ಷ ವಿದೇಶಿ ವಿನಿಮಯದ ವಿಭಾಗದಲ್ಲಿ. ಕೊಳ್ಳುವ ದರ ಬೇರೆ, ಮಾರುವ ದರ ಬೇರೆ, ನಡುವಿನ ಅಂತರವೇ ವಿನಿಮಯ ಮಾಡುವವನ ಸಂಪಾದನೆ ಎಂದು ಅಲ್ಲಿ ಸಾವಿರಾರು ಜನರಿಗೆ ವಿವರಿಸಿದ್ದೇನೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಬೊಂಡದ ಬೆಲೆ ಮೂರೂ ಚಿಲ್ಲರೆ ಡಾಲರ್. ವಟ್ಟ ಬಿದ್ದದ್ದು ಇಡೀ 20 ಡಾಲರಿನ ಮೇಲೆ. ದೊಡ್ಡ ನೋಟು ಕೊಟ್ಟು ಸಣ್ಣ ವಸ್ತು ಕೊಂಡಾಗಲೆಲ್ಲ ಹೀಗೇ ಆಗುತ್ತದೆ. ವಸ್ತು ಕೊಂಡೆವು ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ನಾವು ಮಾಡಿದ್ದು ವಿನಿಮಯ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಹಡಗು ನಿಲ್ಲುವ ಊರಿನಲ್ಲಿ ಪರದೇಶದ ನೋಟು ನಡೆಯುತ್ತದೆ, ಆದರೆ ಅದರ ಬೆಲೆ ಕಟ್ಟುವವರು ಅಂಗಡಿಯವರು. ಹಾಗಾದರೆ ಆ ಹೆಂಗಸು ನಮಗೆ ಮೋಸ ಮಾಡಿದಳೇ? ಖಂಡಿತ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆಕೆಯ ಜಾಗದಲ್ಲಿ ನಿಂತು ನೋಡಿ. ಆಕೆ ಬೊಂಡ ತರುವುದು ಪೆಸೊ ಕೊಟ್ಟು. ಮಂಜುಗಡ್ಡೆಗೆ ಕೊಡುವುದು ಪೆಸೊ. ಮನೆಯ ಬಾಡಿಗೆ, ಮಕ್ಕಳ ಪುಸ್ತಕ, ಜೋಳದ ರೊಟ್ಟಿ, ಎಲ್ಲವೂ ಪೆಸೊ. ನಾವು ಕೊಟ್ಟ ಡಾಲರನ್ನು ಆಕೆ ಎಲ್ಲಿಗಾದರೂ ಒಯ್ದು ಬದಲಿಸಬೇಕು. ಬದಲಿಸುವ ಅಂಗಡಿಯವನು ತನ್ನ ವಟ್ಟ ಹಿಡಿಯುತ್ತಾನೆ. ಅಂಚು ಹರಿದಿದ್ದರೆ, ಮೇಲೆ ಶಾಯಿಯ ಗೆರೆ ಇದ್ದರೆ, ತೆಗೆದುಕೊಳ್ಳುವುದೇ ಇಲ್ಲ. ಖೋಟಾ ಆಗಿದ್ದರೆ ಇಡೀ ನಷ್ಟ ಆಕೆಯದು. ನಾಳೆಗೆ ದರ ಇಳಿದರೆ ಅದೂ ಆಕೆಯದು.

ಇದರ ಮೇಲೆ ಒಂದು ಕಾನೂನು ಇದೆ. 2010ರಲ್ಲಿ ಮೆಕ್ಸಿಕೊ ಸರಕಾರ ಡಾಲರ್ ನಗದಿಗೆ ಕಡಿವಾಣ ಹಾಕಿತು. ಮಾದಕವಸ್ತುವಿನ ದಂಧೆಯ ಹಣ ಕಂತೆ ಕಂತೆಯಾಗಿ ಬ್ಯಾಂಕುಗಳೊಳಗೆ ಬರುವುದನ್ನು ತಡೆಯುವುದು ಅದರ ಉದ್ದೇಶ. ಹೊರದೇಶದ ಪ್ರವಾಸಿ ಒಂದು ತಿಂಗಳಲ್ಲಿ 1,500 ಡಾಲರಿಗಿಂತ ಹೆಚ್ಚು ನಗದನ್ನು ಬ್ಯಾಂಕಿನಲ್ಲಿ ಬದಲಿಸುವಂತಿಲ್ಲ ಎಂದಾಯಿತು. ಗಡಿಯ ಊರುಗಳಲ್ಲಿ, ಪ್ರವಾಸಿ ತಾಣಗಳಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳಿಗೆ ತಿಂಗಳಿಗೆ ಸುಮಾರು 7,000 ಡಾಲರ್ ನಗದನ್ನಷ್ಟೇ ಬ್ಯಾಂಕಿಗೆ ಕಟ್ಟಲು ಅವಕಾಶ ಉಳಿಯಿತು. ಮುಂದೆ ಕೆಲವರಿಗೆ ಇದು ಸಡಿಲವಾಯಿತು. ಆದರೆ ಅದು ಲೆಕ್ಕಪತ್ರ ಇಟ್ಟು ಅರ್ಜಿ ಹಾಕಬಲ್ಲ ವ್ಯಾಪಾರಿಗಳಿಗೆ. ಕೈಗಾಡಿಯ ಹೆಂಗಸಿಗೆ ಯಾವ ಲೆಕ್ಕಪತ್ರ? ಕಾನೂನಿನ ಗುರಿ ದಂಧೆಯ ದೊಡ್ಡ ಕುಳಗಳು. ಅದರ ಭಾರದ ಒಂದು ಪಾಲು ಬೀದಿಬದಿಯ ಜನರ ಮೇಲೂ ಬಿತ್ತು. ಆಕೆ ಡಾಲರಿಗೆ 15 ಪೆಸೊ ಎಂದು ದರ ಇಟ್ಟರೆ ನನಗೆ ಅರ್ಥವಾಗುತ್ತದೆ.

ಡಾಲರೆಂದರೆ ಅಲ್ಲಿನ ಹಿರಿಯರಿಗೆ ಇನ್ನೊಂದು ಬಗೆಯ ನೆನಪೂ ಇದೆ. 1994ರ ಡಿಸೆಂಬರಿನಲ್ಲಿ ಪೆಸೊ ಕುಸಿಯಿತು. ಕೆಲವೇ ತಿಂಗಳಲ್ಲಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದಕ್ಕೆ ಸುಮಾರು ಎರಡು ವರ್ಷ ಮುಂಚೆ, 1993ರಲ್ಲಿ, ಸರಕಾರ ಹಣದುಬ್ಬರದಿಂದ ಸೊರಗಿದ್ದ ಹಳೆಯ ಪೆಸೊದಿಂದ ಮೂರು ಸೊನ್ನೆ ಕಿತ್ತುಹಾಕಿತ್ತು. ಹಳೆಯ 1,000 ಪೆಸೊ ಹೊಸ 1 ಪೆಸೊ ಆಯಿತು. ಆ ದಿನಗಳನ್ನು ಕಂಡವರಿಗೆ ಪೆಟ್ಟಿಗೆಯಲ್ಲಿ ನಾಲ್ಕು ಡಾಲರ್ ಇದ್ದರೆ ಧೈರ್ಯ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕೇಳುಗರೇ, ಇದೇ ಪೆಸೊ ಒಂದು ಕಾಲದಲ್ಲಿ ಜಗತ್ತನ್ನು ಆಳಿದ ದುಡ್ಡು. ಈ ಮಾತಿಗೆ ಎರಡು ನಿಮಿಷ ಕೊಡಿ, ಇದು ನನಗೆ ಬಹಳ ಪ್ರಿಯವಾದ ಕತೆ.

ಮೆಕ್ಸಿಕೊ ನಗರದಲ್ಲಿ ಸ್ಪೇನಿನವರು 1535ರಲ್ಲಿ ಟಂಕಸಾಲೆ ಸ್ಥಾಪಿಸಿದರು. ಅಮೆರಿಕ ಖಂಡಗಳಲ್ಲೆಲ್ಲ ಅದೇ ಮೊದಲನೆಯದು. ಮೆಕ್ಸಿಕೊದ ಗಣಿಗಳ ಬೆಳ್ಳಿಯಿಂದ ಅಲ್ಲಿ ದೊಡ್ಡ ನಾಣ್ಯ ಟಂಕಿಸಿದರು. ಒಂದು ನಾಣ್ಯಕ್ಕೆ ಎಂಟು ರಿಯಾಲ್ ಬೆಲೆ. ಅದೇ ಪೆಸೊ. ಪೆಸೊ ಎಂಬ ಮಾತಿಗೆ ತೂಕ ಎಂದು ಅರ್ಥ. 1565ರಿಂದ 1815ರವರೆಗೆ, ಸುಮಾರು ಎರಡೂವರೆ ಶತಮಾನ, ಆ ಬೆಳ್ಳಿ ಅಕಾಪುಲ್ಕೊ ಬಂದರಿನಿಂದ ಹಡಗೇರಿ ಫಿಲಿಪ್ಪೀನ್ಸಿನ ಮನಿಲಾಕ್ಕೆ ಹೋಯಿತು. ಅಲ್ಲಿಂದ ಚೀನಾಕ್ಕೆ. ಇನ್ನೊಂದು ದಿಕ್ಕಿನಲ್ಲಿ ಯುರೋಪಿನ ವ್ಯಾಪಾರಿಗಳ ಕೈಯಲ್ಲಿ ಭಾರತಕ್ಕೂ ಬಂತು. ಇಲ್ಲಿ ಅದನ್ನು ಕರಗಿಸಿ ರೂಪಾಯಿ ಮಾಡಿದರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಂತೂ ಸ್ಪೇನಿನ, ಮೆಕ್ಸಿಕೊದ ಈ ಬೆಳ್ಳಿ ನಾಣ್ಯಗಳು 1857ರವರೆಗೆ ಕಾನೂನುಬದ್ಧ ಹಣವಾಗಿ ಚಲಾವಣೆಯಲ್ಲಿದ್ದವು. ಅಮೆರಿಕದವರು ತಮ್ಮ ಡಾಲರನ್ನು ರೂಪಿಸಿದ್ದೂ ಈ ನಾಣ್ಯದ ಮಾದರಿಯಲ್ಲೇ. ಎಸ್ ಅಕ್ಷರಕ್ಕೆ ಗೆರೆ ಎಳೆದ ಆ ಗುರುತು ಕೂಡ ಪೆಸೊ ಎಂಬುದನ್ನು ಲೆಕ್ಕದ ಪುಸ್ತಕಗಳಲ್ಲಿ ಚುಟುಕಾಗಿ ಬರೆಯುತ್ತ ಬರೆಯುತ್ತ ಹುಟ್ಟಿದ್ದು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಬೊಂಡದ ಹೆಂಗಸು ರಟ್ಟಿನ ಮೇಲೆ ಬರೆದದ್ದು ಅವಳ ನಾಡಿನ ಗುರುತನ್ನೇ. ಗೊಂದಲ ಬೇಡ ಎಂದು ಕೆಲವು ಅಂಗಡಿಯವರು ಬೆಲೆಯ ಕೊನೆಗೆ ಎಂ.ಎನ್. ಎಂದು ಸೇರಿಸುತ್ತಾರೆ. ರಾಷ್ಟ್ರೀಯ ಹಣ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿರುವ ಮಾತಿನ ಮೊದಲಕ್ಷರಗಳು ಅವು.

ಕತೆ ಹೀಗಿದೆ: ಡಾಲರ್ ಕೊಟ್ಟರೆ ನಮಗೆ ವಟ್ಟ, ತೆಗೆದುಕೊಂಡವರಿಗೂ ತೊಂದರೆ, ಮತ್ತು ಪೆಸೊ ಎಂಬುದು ಕೀಳಾಗಿ ಕಾಣಬೇಕಾದ ದುಡ್ಡಲ್ಲ. ಈಗ ಇನ್ನೂ ಸಣ್ಣ ಹಣದ ಮಾತಿಗೆ ಬರುತ್ತೇನೆ. ಭಕ್ಷೀಸಿನ ಮಾತು.

ಹಡಗಿನ ಊಟದ ಸಾಲೆಯಲ್ಲಿ ನಮಗೆ ಬಡಿಸುತ್ತಿದ್ದವರಲ್ಲಿ ಕುಂದಾಪುರದ ಹುಡುಗನೊಬ್ಬನಿದ್ದ. ನಮ್ಮ ಕರಾವಳಿಯ ಮಕ್ಕಳು, ಗೋವಾದವರು, ಇಂಥ ಹಡಗುಗಳಲ್ಲಿ ಎಷ್ಟೋ ಜನ ದುಡಿಯುತ್ತಾರೆ. ನಾವು ತುಳು, ಕನ್ನಡ ಬೆರೆಸಿ ಮಾತಾಡುವುದು ಕೇಳಿ ಅವನೇ ಬಂದು ಪರಿಚಯ ಮಾಡಿಕೊಂಡಿದ್ದ. ಬಂದರಿನಿಂದ ಬಂದ ರಾತ್ರಿ ಬೊಂಡದ ಲೆಕ್ಕ ಅವನಿಗೆ ಹೇಳಿದೆ. ಅವನು ಬಗ್ಗಿ ಮೆಲ್ಲಗೆ ಅಂದ: "ಹ್ವಾಯ್, ನೋಟಾದ್ರೆ ಹ್ಯಾಂಗೋ ಅಡ್ಡಿಲ್ಲೆ. ಡಾಲರ್ ಚಿಲ್ರಿ ಮಾತ್ರ ಕೊಡ್ಬೇಡಿ. ಅವ್ರಿಗೆ ಎಂತಕ್ಕೂ ಬತ್ತಿಲ್ಲೆ."

ಅವನ ಮಾತು ಅಕ್ಷರಶಃ ನಿಜ. ಬ್ಯಾಂಕುಗಳಾಗಲಿ ವಿನಿಮಯದ ಅಂಗಡಿಗಳಾಗಲಿ ಪರದೇಶದ ನಾಣ್ಯಗಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನೋಟು ಹಗುರ, ಕಂತೆ ಕಟ್ಟಿ ಕಳಿಸಬಹುದು. ನಾಣ್ಯ ಭಾರ. ಅದನ್ನು ಎಣಿಸಿ, ಬೇರ್ಪಡಿಸಿ, ಅದರ ದೇಶಕ್ಕೆ ಹಿಂದಿರುಗಿಸುವ ಖರ್ಚು ಅವರಿಗೆ ಗಿಟ್ಟುವುದಿಲ್ಲ. ಪ್ರವಾಸಿಗೆ ಇದು ಹೊಳೆಯುವುದಿಲ್ಲ. ಜೇಬಿನಲ್ಲಿ ಅಮೆರಿಕದ ಕಾಲು ಡಾಲರಿನ ನಾಲ್ಕು ನಾಣ್ಯ ಇರುತ್ತವೆ. ತಟ್ಟೆ ಎತ್ತುವ ಹುಡುಗನ ಕೈಗೆ ಪ್ರೀತಿಯಿಂದ ಹಾಕುತ್ತಾನೆ. ಒಂದು ಡಾಲರ್ ಕೊಟ್ಟೆ ಎಂದು ಅವನ ಮನಸ್ಸಿಗೆ ತೃಪ್ತಿ. ಹುಡುಗನ ಕೈಯಲ್ಲಿ ಅದು ಲೋಹದ ಬಿಲ್ಲೆ. ಅವನು ಇನ್ನೊಬ್ಬ ಅಮೆರಿಕನ್ ಪ್ರವಾಸಿಯನ್ನು ಹುಡುಕಿ, ಸಂಕೋಚಪಟ್ಟು, ಈ ನಾಣ್ಯ ತೆಗೆದುಕೊಂಡು ನೋಟು ಕೊಡುತ್ತೀರಾ ಎಂದು ಕೇಳಬೇಕು. ಅದೇ ದಿನ ಬೊಂಡದ ಗಾಡಿಯ ಪಕ್ಕದಲ್ಲೇ ಹೋಟೆಲಿನ ಹುಡುಗನೊಬ್ಬ ಹಾಗೆ ಕೇಳುವುದನ್ನು ನಾನು ಕಂಡಿದ್ದೆ. ಬಿಸಿಲಿಗೆ ಕೆಂಪಾಗಿದ್ದ ಪ್ರವಾಸಿಯೊಬ್ಬರು ಅವನು ಬೇಡುತ್ತಿದ್ದಾನೆ ಎಂದುಕೊಂಡು ಕೈಯಾಡಿಸಿ ನಡೆದುಬಿಟ್ಟರು. ಅವನು ಬೇಡಿರಲಿಲ್ಲ. ತಾನು ದುಡಿದ ದುಡ್ಡನ್ನು ದುಡ್ಡು ಮಾಡಿಕೊಳ್ಳಲು ಕೇಳಿದ್ದ. ಅವನ ಮುಖ ನನಗೆ ಇಂದಿಗೂ ಮರೆಯುವುದಿಲ್ಲ.

ಪೆಸೊ ನಾಣ್ಯವಾದರೆ ಈ ಕಷ್ಟವಿಲ್ಲ. 10 ಪೆಸೊ ನಾಣ್ಯ ನೋಡಲು ನಮ್ಮ 10 ರೂಪಾಯಿ ನಾಣ್ಯದ ಹಾಗೆಯೇ. ಹೊರಗೆ ಹಳದಿ ಬಳೆ, ನಡುವೆ ಬಿಳಿ ಬಿಲ್ಲೆ. ಅಂಥ ಎರಡು ನಾಣ್ಯ ಕೊಟ್ಟರೆ ಆ ಹುಡುಗ ಅದೇ ಸಂಜೆ ರೊಟ್ಟಿ ಕೊಳ್ಳಬಹುದು, ಬಸ್ಸು ಹತ್ತಬಹುದು.

ಡಾಲರಿನ ಚಿಲ್ಲರೆ ಬೇಡ, ಪೆಸೊ ಬೇಕು ಎಂಬುದಾಯಿತು. ಪೆಸೊ ಪಡೆಯುವುದು ಎಲ್ಲಿಂದ? ನೀವು ಕೇಳಬಹುದು, ಇಲ್ಲಿಂದಲೇ ಒಯ್ದರಾಗದೇ ಎಂದು. ನಮ್ಮೂರಿನ ವಿನಿಮಯದ ಅಂಗಡಿಗಳಲ್ಲಿ ಡಾಲರ್, ದಿರ್ಹಾಂ, ಪೌಂಡ್ ಸುಲಭವಾಗಿ ಸಿಗುತ್ತವೆ. ಪೆಸೊ ಹಾಗೆ ಸಿಗುವುದಿಲ್ಲ. ಹಡಗಿನೊಳಗೆ ಬದಲಿಸಿಕೊಡುವುದುಂಟು, ಆದರೆ ಅಲ್ಲಿನ ದರ ನಮಗೆ ಅನುಕೂಲವಾಗಿರುವುದು ಅಪರೂಪ. ಇರುವುದರಲ್ಲಿ ಒಳ್ಳೆಯ ದಾರಿ ಎಂದರೆ ಊರೊಳಗಿನ ಬ್ಯಾಂಕಿಗೆ ಅಂಟಿಕೊಂಡಿರುವ ಎಟಿಎಂ. ಕಟ್ಟೆಯ ಮೇಲೆ, ಮದ್ಯದ ಅಂಗಡಿ, ಒಡವೆಯ ಅಂಗಡಿಗಳ ನಡುವೆ ಇರುವ ಯಂತ್ರಗಳ ಬಗ್ಗೆ ಎಚ್ಚರ ಬೇಕು. ಅವುಗಳಲ್ಲಿ ಕೆಲವು ಡಾಲರನ್ನೇ ಉಗುಳುತ್ತವೆ, ಶುಲ್ಕವೂ ಹೆಚ್ಚು. ನಾವಿಳಿದ ಕಟ್ಟೆಯಿಂದ ಹತ್ತು ನಿಮಿಷ ನಡೆದು ದ್ವೀಪದ ಸಾನ್ ಮಿಗೆಲ್ ಪೇಟೆಯ ಚೌಕಕ್ಕೆ ಹೋದರೆ ಬ್ಯಾಂಕುಗಳಿವೆ. ನಾವು ಬೊಂಡದ ನಂತರ ಮಾಡಿದ್ದು ಅದನ್ನೇ.

ಈ ಯಂತ್ರದ ಮುಂದೆ ನಿಂತಾಗ ಒಂದು ಪ್ರಶ್ನೆ ಬರುತ್ತದೆ. ಕಾರ್ಡು ಉಜ್ಜುವ ಅಂಗಡಿಯಲ್ಲೂ ಇದೇ ಪ್ರಶ್ನೆ. ಈ ಮೊತ್ತವನ್ನು ಪೆಸೊದಲ್ಲಿ ಹಾಕಲೇ, ನಿಮ್ಮ ದೇಶದ ಹಣದಲ್ಲಿ ಹಾಕಲೇ? ನಮ್ಮ ಭಾರತದ ಕಾರ್ಡಾದರೆ ಪರದೆಯ ಮೇಲೆ ರೂಪಾಯಿ ಮೂಡುತ್ತದೆ. ಪರದೇಶದಲ್ಲಿ ನಮ್ಮ ರೂಪಾಯಿ ಕಂಡರೆ ಯಾರಿಗಾದರೂ ಸಮಾಧಾನವೇ. ಎಷ್ಟಾಯಿತೆಂದು ತಕ್ಷಣ ತಿಳಿಯುತ್ತದಲ್ಲ. ದಯವಿಟ್ಟು ರೂಪಾಯಿ ಒತ್ತಬೇಡಿ. ಪೆಸೊ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯದ ದರ ಕಟ್ಟುವುದು ಆ ಯಂತ್ರವನ್ನು ನಡೆಸುವವರು, ಅವರ ವಟ್ಟ ಅದರೊಳಗೆ ಸೇರಿಕೊಂಡಿರುತ್ತದೆ. ಪೆಸೊ ಒತ್ತಿದರೆ ದರ ಕಟ್ಟುವುದು ಕಾರ್ಡಿನ ಜಾಲ, ಅದು ಸಾಮಾನ್ಯವಾಗಿ ಮಾರುಕಟ್ಟೆಯ ದರಕ್ಕೆ ಹತ್ತಿರ. ಯಂತ್ರ ಹೇಳುವ ಪರಿವರ್ತನೆ ಬೇಡ ಎಂದು ಒತ್ತಿದರೆ ಹಣ ಬರುವುದಿಲ್ಲವೇನೋ ಎಂದು ಅನೇಕರು ಹೆದರುತ್ತಾರೆ. ಹಣ ಬರುತ್ತದೆ. ಬೇಡವೆಂದದ್ದು ಅವರ ದರವನ್ನು ಮಾತ್ರ.

ಇಲ್ಲಿ ನಮ್ಮವರಿಗೆ ಇನ್ನೊಂದು ಮಾತು. ಪ್ರವಾಸಕ್ಕೆಂದು ಡಾಲರ್ ತುಂಬಿಸಿದ ಕಾರ್ಡನ್ನು ಬಹಳ ಜನ ಒಯ್ಯುತ್ತಾರೆ. ಅದರಿಂದ ಪೆಸೊ ತೆಗೆದರೆ ಡಾಲರಿನಿಂದ ಪೆಸೊಗೆ ಮತ್ತೊಂದು ವಿನಿಮಯ. ಅದಕ್ಕೆ ಸಾಮಾನ್ಯವಾಗಿ ಶೇಕಡಾ ಮೂರರ ಆಸುಪಾಸಿನ ಶುಲ್ಕ ಬೀಳುತ್ತದೆ. ರೂಪಾಯಿಯಿಂದ ಡಾಲರಿಗೆ ಒಮ್ಮೆ, ಡಾಲರಿನಿಂದ ಪೆಸೊಗೆ ಇನ್ನೊಮ್ಮೆ, ಎರಡು ಸಲ ವಟ್ಟ. ಹಾಗಿದ್ದರೂ ಬೀದಿಯ ವಟ್ಟಕ್ಕಿಂತ ಅದು ಕಡಿಮೆ. ಬೀದಿಯಲ್ಲಿ ನಾನು ಕಳೆದುಕೊಂಡದ್ದು 18ರಲ್ಲಿ 3, ಅಂದರೆ ಆರನೆಯ ಒಂದು ಪಾಲು.

ಎಷ್ಟು ಪೆಸೊ ಬೇಕು? ನಾವಿಬ್ಬರು 1,000 ಪೆಸೊ ತೆಗೆದೆವು. ಆಗ ನಮ್ಮ ಹಣದಲ್ಲಿ ಸುಮಾರು 5,000 ರೂಪಾಯಿ. ಮಧ್ಯಾಹ್ನದ ಊಟ, ಇನ್ನೆರಡು ಬೊಂಡ, ಪೇಟೆಯ ಮಾರುಕಟ್ಟೆಯಲ್ಲಿ ಒಂದಿಷ್ಟು ಹುಣಸೆಯ ಮಿಠಾಯಿ, ಭಕ್ಷೀಸು. ಮೆಕ್ಸಿಕೊದವರಿಗೂ ನಮ್ಮಷ್ಟೇ ಹುಣಸೆಹುಳಿ ಇಷ್ಟ, ಅದಕ್ಕೆ ಖಾರದ ಪುಡಿ ಹಾಕಿ ತಿನ್ನುತ್ತಾರೆ. ಊಟಕ್ಕೆ ಆದದ್ದು 360 ಪೆಸೊ. ಪೆಸೊದಲ್ಲಿ ಕೊಟ್ಟಾಗ ಅದು 20 ಡಾಲರ್. ಪಕ್ಕದ ಮೇಜಿನವರು ಅಷ್ಟೇ ಮೊತ್ತಕ್ಕೆ ಡಾಲರ್ ಕೊಟ್ಟರು. ಅವರಿಂದ ಪಡೆದದ್ದು 24. ಅದೇ ಅಡುಗೆ, ಅದೇ ತಟ್ಟೆ.

ಆ ಎಟಿಎಂನಿಂದ ಬಂದ ನೋಟುಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಿಮಗೆ ತೋರಿಸಲು ಆಗುವುದಿಲ್ಲ, ವರ್ಣಿಸುತ್ತೇನೆ. 50 ಪೆಸೊ ನೋಟು ನೇರಳೆ ಬಣ್ಣದ್ದು. ಅದರ ಮೇಲೆ ಒಂದು ಪುಟ್ಟ ಜಲಚರ, ಆಹೊಲೊಟೆ ಎನ್ನುತ್ತಾರೆ. ನಗುವ ಮಗುವಿನಂಥ ಮುಖ, ಕಿವಿಯ ಬಳಿ ಗರಿಯಂಥ ಕಿವಿರು. ಮೆಕ್ಸಿಕೊ ನಗರದ ಸರೋವರಗಳಲ್ಲಿ ಮಾತ್ರ ಹುಟ್ಟಿ ಬೆಳೆದ ಜೀವಿ, ಈಗ ಅಳಿವಿನ ಅಂಚಿನಲ್ಲಿದೆ. 100 ಪೆಸೊ ನೋಟಿನಲ್ಲಿ ಒಬ್ಬ ಸನ್ಯಾಸಿನಿಯ ಮುಖ. ಹೆಸರು ಹುವಾನಾ ಇನೆಸ್ ದೆ ಲಾ ಕ್ರುಸ್. 17ನೆಯ ಶತಮಾನದ ಕವಯಿತ್ರಿ. ಹೆಣ್ಣಿಗೂ ಓದುವ ಹಕ್ಕಿದೆ ಎಂದು ಮಠದೊಳಗಿಂದಲೇ ಬರೆದವಳು. ನಮ್ಮ ಸಂಚಿ ಹೊನ್ನಮ್ಮ ಮೈಸೂರಿನ ಅರಮನೆಯಲ್ಲಿದ್ದ ಕಾಲಕ್ಕೇ ಅವಳು ಅಲ್ಲಿದ್ದಳು. ನೋಟಿನ ಹಿಂಬದಿಯಲ್ಲಿ ಸಾವಿರಾರು ಮೈಲಿ ಹಾರಿಬರುವ ಮೊನಾರ್ಕ್ ಚಿಟ್ಟೆಗಳು. ನನ್ನ ಹೆಂಡತಿ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದಳು. ಡಾಲರಿನಲ್ಲೇ ದಿನ ಕಳೆದು ಹಡಗು ಹತ್ತಿದವರಿಗೆ ಈ ಕವಯಿತ್ರಿಯ ಮುಖ ಕಾಣುವುದೇ ಇಲ್ಲ.

ಪೆಸೊ ಎಲ್ಲಿ ಪಡೆಯಬೇಕು, ಯಾವ ಗುಂಡಿ ಒತ್ತಬೇಕು ಎಂದು ಹೇಳಿದೆ. ಹಾಗಾದರೆ ಡಾಲರ್ ಯಾವತ್ತೂ ಬೇಡವೇ? ಹಾಗೆ ಹೇಳಿದರೆ ತಪ್ಪಾಗುತ್ತದೆ.

ಬೆಲೆಯನ್ನು ಡಾಲರಿನಲ್ಲೇ ಕಟ್ಟಿದ್ದರೆ ಡಾಲರ್ ಕೊಡುವುದೇ ಸರಿ. ಕೊಸುಮೆಲ್‌ನ ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ. ಯಾವ ಜಾಗಕ್ಕೆ ಎಷ್ಟು ಎಂದು ಕಟ್ಟೆಯ ಬಳಿ ಫಲಕ ಇರುತ್ತದೆ, ಹಡಗಿನವರಿಗೆ ಡಾಲರಿನಲ್ಲಿ ಹೇಳುತ್ತಾರೆ. ಅಲ್ಲಿ ಪೆಸೊ ಕೊಡಹೋದರೆ ವಟ್ಟ ತಿರುಗಿ ನಮ್ಮ ಮೇಲೆ ಬೀಳುತ್ತದೆ. ಹತ್ತುವ ಮೊದಲು ಎಷ್ಟು ಎಂದು ಕೇಳಿ. ಯಾವ ಹಣದಲ್ಲಿ ಎಂದೂ ಕೇಳಿ. ಎರಡನೆಯದನ್ನು ಕೇಳಲು ಮರೆತು ಜಗಳವಾದದ್ದನ್ನು ಅಲ್ಲೇ ಕಂಡೆ.

ಆ ಕಡೆಯ ಎಲ್ಲ ಬಂದರುಗಳೂ ಕೊಸುಮೆಲ್‌ನಂತೆ ಇಲ್ಲ. ಪಕ್ಕದ ಬೆಲೀಜ್ ದೇಶದಲ್ಲಿ ಅವರ 2 ಡಾಲರಿಗೆ ಅಮೆರಿಕದ 1 ಡಾಲರ್. ದಶಕಗಳಿಂದ ಅದೇ ದರ, ಬೀದಿಯಲ್ಲೂ ಅದೇ ಲೆಕ್ಕ. ಬಹಾಮಾಸ್‌ನಲ್ಲಿ ಒಂದಕ್ಕೆ ಒಂದು. ಅಲ್ಲೆಲ್ಲ ಹಣ ಬದಲಿಸಲು ಅಲೆಯುವುದು ವ್ಯರ್ಥ. ಗ್ರ್ಯಾಂಡ್ ಕೇಮನ್ ದ್ವೀಪದ್ದು ನಡುವಿನ ಸ್ಥಿತಿ. ಅಲ್ಲಿನ ಡಾಲರ್ ಅಮೆರಿಕದ್ದಕ್ಕಿಂತ ಬೆಲೆಬಾಳುವಂಥದು. ಅಧಿಕೃತ ಲೆಕ್ಕದಲ್ಲಿ ಅಮೆರಿಕದ ಡಾಲರಿಗೆ ಅವರ ಸುಮಾರು 83 ಸೆಂಟ್ ಬರಬೇಕು, ಅಂಗಡಿಯಲ್ಲಿ 80 ಸೆಂಟ್ ಹಿಡಿಯುತ್ತಾರೆ. ದರ ಕಟ್ಟಿಹಾಕಿದ ಊರಿನಲ್ಲಿ ವಟ್ಟ ಕಡಿಮೆ, ದಿನಾ ಏರಿಳಿಯುವ ಊರಿನಲ್ಲಿ ಹೆಚ್ಚು. ಹಡಗು ಹತ್ತುವ ಮೊದಲು ಈ ಒಂದು ವಿಷಯ ವಿಚಾರಿಸಿಕೊಂಡರೆ ಸಾಕು.

ಇಷ್ಟು ಹೊತ್ತು ನಾವು ಹಡಗಿಳಿದವರ ಕಡೆ ನಿಂತು ಮಾತಾಡಿದೆವು. ಈಗ ಕಟ್ಟೆಯ ಇನ್ನೊಂದು ಬದಿಗೆ ಬನ್ನಿ, ಅದು ನಮ್ಮ ಮನೆಯ ಬದಿ.

ಪಣಂಬೂರಿನ ನವಮಂಗಳೂರು ಬಂದರಿಗೂ ಇಂಥ ಹಡಗುಗಳು ಬರುತ್ತವೆ. ಮಳೆಗಾಲ ಮುಗಿದ ಮೇಲೆ, ನವೆಂಬರಿನಿಂದ ಬೇಸಿಗೆಯವರೆಗೆ. ಯುರೋಪಿನವರು, ಅಮೆರಿಕದವರು ಇಳಿಯುತ್ತಾರೆ. ಬಸ್ಸಿನಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನಲ್ಲಿಗೆ, ಕುದ್ರೋಳಿ ದೇವಸ್ಥಾನಕ್ಕೆ, ಸಂತ ಅಲೋಶಿಯಸ್ ಚಾಪೆಲಿಗೆ ಹೋಗಿ ಬರುತ್ತಾರೆ. ಸಂಜೆ ಹಡಗು ಹೊರಡುತ್ತದೆ. ಅವರ ಬಳಿ ರೂಪಾಯಿ ಇರುವುದಿಲ್ಲ. ಅವರ ಊರುಗಳಲ್ಲಿ ರೂಪಾಯಿ ಸುಲಭವಾಗಿ ಸಿಗುವ ವಸ್ತುವಲ್ಲ, ನಮಗೆ ಪೆಸೊ ಹೇಗೋ ಹಾಗೆ.

ಅಮೆರಿಕದಿಂದ ಬಂದ ಮೇಲಿನ ಚಳಿಗಾಲದ ಮಾತು. ನಮ್ಮ ಮನೆಯ ಹತ್ತಿರ ಬೊಂಡ ಮಾರುವವನೊಬ್ಬನಿದ್ದಾನೆ. ವರ್ಷಗಳ ಪರಿಚಯ. ಒಂದು ಸಂಜೆ ಬೊಂಡ ಕುಡಿದು ದುಡ್ಡು ಕೊಡುವಾಗ ಅವನು ಕವಳದ ಡಬ್ಬಿಯಿಂದ ಒಂದು ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟ. "ಹಡಗಿನ ಒಂದು ಅಮ್ಮ ಕೊಟ್ಟದ್ದು ಸಾರ್. ನೀವು ಬ್ಯಾಂಕಿನವರಲ್ಲವಾ, ಇದು ನಡೀತದಾ?" ಎಂದು ಕೇಳಿದ.

ಎರಡು ಯೂರೊ ನಾಣ್ಯ. ನಮ್ಮ 10 ರೂಪಾಯಿಯದಕ್ಕೆ ತಿರುಗಾಮುರುಗಾ: ಹೊರಗಿನ ಬಳೆ ಬಿಳಿ, ನಡುವೆ ಹಳದಿ. ಒಂದು ಬದಿಯಲ್ಲಿ ಯುರೋಪಿನ ನಕ್ಷೆ. ಅವನ ಗಾಡಿಯ ಕಂಬಕ್ಕೆ ಕ್ಯೂಆರ್ ಚೀಟಿ ಅಂಟಿಸಿದೆ. ನಮಗೆ ನಿಮಗೆ ಅದು ಸಲೀಸು. ಕೆಲವೇ ಗಂಟೆಗೆಂದು ಇಳಿದ ಆ ಹಿರಿಯ ಹೆಂಗಸಿನ ಫೋನಿನಲ್ಲಿ ಅದು ಓಡಿರಲಿಕ್ಕಿಲ್ಲ. ಕೈಯಲ್ಲಿದ್ದುದನ್ನು ಕೊಟ್ಟು ಹೋಗಿದ್ದಾರೆ. ಕಡಿಮೆಯೇನೂ ಕೊಟ್ಟಿಲ್ಲ. ಆಗ ಎರಡು ಯೂರೊ ಎಂದರೆ 180 ರೂಪಾಯಿಗೂ ಮೇಲೆ. ಎರಡು ಮೂರು ಬೊಂಡದ ಬೆಲೆ.

ಅವನು ಅದನ್ನು ಹಿಡಿದು ಎರಡು ಕಡೆ ಹೋಗಿ ಬಂದಿದ್ದನಂತೆ. ಎರಡೂ ಕಡೆ, ನಾಣ್ಯ ತೆಗೆದುಕೊಳ್ಳುವುದಿಲ್ಲ, ನೋಟಾದರೆ ತನ್ನಿ ಎಂದರಂತೆ. ನಮ್ಮ ಕಾನೂನಿನಲ್ಲಿ ಪರದೇಶದ ನಾಣ್ಯವನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ಅದನ್ನು ರೂಪಾಯಿ ಮಾಡಿಕೊಡುವ ಕಿಟಕಿ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಎಂಟು ವರ್ಷ ಅಂಥ ಕಿಟಕಿಯ ಈಚೆ ಕೂತು ನಾನೂ ಎಷ್ಟೋ ಜನರಿಗೆ ಅದೇ ಉತ್ತರ ಕೊಟ್ಟಿದ್ದೇನೆ. ಆಚೆ ನಿಂತವರ ಮುಖ ನೋಡಲು ಆಗ ಪುರುಸೊತ್ತು ಇರಲಿಲ್ಲ. ಕೊಸುಮೆಲ್‌ನ ಆ ಹುಡುಗ ನೆನಪಾದ.

ನಾನು ಅವನಿಗೆ ಇನ್ನೂರು ರೂಪಾಯಿ ಕೊಟ್ಟೆ. ಅವನು ಒಪ್ಪಲಿಲ್ಲ, ಬೊಂಡದ ರೇಟು ಅಷ್ಟಿಲ್ಲ ಎಂದ. ಇದು ಬೊಂಡದ್ದಲ್ಲ, ನಿನ್ನ ನಾಣ್ಯದ್ದು, ವಟ್ಟ ಹಿಡಿಯದೆ ಕೊಟ್ಟಿದ್ದೇನೆ ಎಂದು ತಿಳಿಸಿ ಹೇಳಬೇಕಾಯಿತು.

ಆ ನಾಣ್ಯ ಈಗ ನನ್ನ ಮೇಜಿನ ಮೇಲಿದೆ, ಕೊಸುಮೆಲ್‌ನಿಂದ ಉಳಿದು ಬಂದ ನಾಲ್ಕು ಪೆಸೊ ನಾಣ್ಯಗಳ ಜೊತೆ. ಪಕ್ಕದ ಮನೆಯ ಹುಡುಗ ಮುಂದಿನ ತಿಂಗಳು ಓದಲು ಜರ್ಮನಿಗೆ ಹೊರಟಿದ್ದಾನೆ. ಅವನಿಗೆ ಕೊಡಬೇಕೆಂದು ತೆಗೆದಿಟ್ಟಿದ್ದೇನೆ. ವಿಮಾನ ಇಳಿದು ಒಂದು ಚಹಾ ಕುಡಿಯುವುದಕ್ಕಾದರೂ ಆದೀತು.